ಅಫೀಮು, ಸರ್ಪಗಂಧ, ನಸುಗುನ್ನಿ: ರಾತ್ರಿ ಕಾಲಿನ ಚಡಪಡಿಕೆಗೆ ಮದ್ದು ಹುಡುಕಿದ ಕಥೆ

ಹಗಲೆಲ್ಲ ಹೊಲದಲ್ಲಿ ಬಗ್ಗಿ ಕಳೆ ಕಿತ್ತರೂ ಕಾಲಿಗೆ ಏನೂ ಆಗಿರುವುದಿಲ್ಲ. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಚಾಪೆ ಮೇಲೆ ಕಾಲು ಚಾಚಿದ ಹತ್ತು ನಿಮಿಷಕ್ಕೆ ಶುರುವಾಗುತ್ತದೆ. ಮೀನಖಂಡದ ಒಳಗೆ ಇರುವೆ ಸಾಲು ಹರಿದ ಹಾಗೆ, ಯಾರೋ ಒಳಗಿನಿಂದ ದಾರ ಎಳೆದ ಹಾಗೆ. ನೋವು ಅನ್ನೋಕಾಗಲ್ಲ, ತುರಿಕೆ ಅನ್ನೋಕಾಗಲ್ಲ. ಕಾಲು ಮಡಚಬೇಕು, ಒದರಬೇಕು, ಎದ್ದು ಓಡಾಡಬೇಕು ಅನಿಸುತ್ತದೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹೋಯಿತು. ಬಂದು ಮಲಗಿದರೆ ಮತ್ತೆ ಅದೇ. ಬೆಳಗಿನ ಜಾವಕ್ಕೆ ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ಕೋಳಿ ಕೂಗುವ ಹೊತ್ತಾಗಿರುತ್ತದೆ.

ಇದಕ್ಕೆ ನಮ್ಮ ಊರುಗಳಲ್ಲಿ ಒಂದೇ ಹೆಸರಿಲ್ಲ. ಸೆಳೆತ ಅನ್ನುವವರಿದ್ದಾರೆ, ವಾಯು ಅನ್ನುವವರಿದ್ದಾರೆ, ನರದ ದೌರ್ಬಲ್ಯ ಅಂತ ಗುಳಿಗೆ ತಂದು ನುಂಗುವವರೂ ಇದ್ದಾರೆ. ಮದ್ದುಗಳಿಗಂತೂ ಬರವಿಲ್ಲ. ಹರಳೆಣ್ಣೆ ಬಿಸಿ ಮಾಡಿ ತಿಕ್ಕುವುದು, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವುದು, ಲಕ್ಕಿ ಸೊಪ್ಪು ಕುದಿಸಿದ ನೀರು ಸುರಿದುಕೊಳ್ಳುವುದು, ಹಳೇ ಸೀರೆಯ ತುಂಡಿನಿಂದ ಮೀನಖಂಡ ಬಿಗಿದು ಕಟ್ಟುವುದು, ಮೊಮ್ಮಕ್ಕಳನ್ನು ಕರೆದು ಕಾಲು ತುಳಿಸಿಕೊಳ್ಳುವುದು.

ಆಸ್ಪತ್ರೆಯ ಭಾಷೆಯಲ್ಲಿ ಇದರ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ನಾವು ಇಲ್ಲಿ ಕಾಲಿನ ಚಡಪಡಿಕೆ ಎಂದೇ ಕರೆಯೋಣ. ಈ ಚಡಪಡಿಕೆಗೆ ಗಿಡಮೂಲಿಕೆಯಲ್ಲಿ ಮದ್ದು ಹುಡುಕಿದ ಇತಿಹಾಸ ಮುನ್ನೂರೈವತ್ತು ವರ್ಷಕ್ಕೂ ಹಳೆಯದು. ಆ ಇತಿಹಾಸದಲ್ಲಿ ನಮ್ಮ ಬೇಲಿಯ ಬಳ್ಳಿಯೂ ಬರುತ್ತದೆ, ನಮ್ಮ ಕಾಡಿನ ಬೇರೂ ಬರುತ್ತದೆ. ಕೊನೆಗೆ ಅದು ಬಂದು ನಿಲ್ಲುವುದು ಮಾತ್ರ ಕಬ್ಬಿಣದ ಹತ್ತಿರ. ಈ ದಾರಿ ಗೊತ್ತಿದ್ದರೆ ಯಾವ ಮದ್ದಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಎಲ್ಲ ಕಾಲುನೋವೂ ಒಂದೇ ಅಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿದ್ದೆಯಲ್ಲಿ ಮೀನಖಂಡ ಗಂಟು ಕಟ್ಟಿ, ಕಲ್ಲಿನ ಹಾಗಾಗಿ, ಚೀರುವಷ್ಟು ನೋವು ಬರುವುದು ಬೇರೆ. ಅದು ಸ್ನಾಯು ಹಿಡಿದುಕೊಳ್ಳುವುದು. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಉರಿಯುವುದು, ಜೋಮು ಹಿಡಿಯುವುದು ಮತ್ತೊಂದು. ಅದು ಹಗಲೂ ಇರುತ್ತದೆ, ಓಡಾಡಿದರೂ ಹೋಗುವುದಿಲ್ಲ.

ಚಡಪಡಿಕೆಯ ಗುರುತು ನಾಲ್ಕು. ಕಾಲು ಆಡಿಸಲೇಬೇಕು ಅನಿಸುತ್ತದೆ. ಸುಮ್ಮನೆ ಕೂತಾಗ ಅಥವಾ ಮಲಗಿದಾಗ ಶುರುವಾಗುತ್ತದೆ. ಆಡಿಸಿದರೆ, ನಡೆದರೆ ಕಡಿಮೆಯಾಗುತ್ತದೆ. ಸಂಜೆ ಮತ್ತು ರಾತ್ರಿ ಹೆಚ್ಚು. ಈ ನಾಲ್ಕೂ ಸೇರಿದರೆ ಮಾತ್ರ ನಾವು ಹೇಳುತ್ತಿರುವ ತೊಂದರೆ. ಬಸ್ಸಲ್ಲಿ ದೂರ ಪ್ರಯಾಣ ಹೋಗುವಾಗ, ನಾಟಕಕ್ಕೆ ಕೂತಾಗ ಕಾಲು ನಿಲ್ಲದವರಲ್ಲೂ ಕೆಲವರಿಗೆ ಇದೇ ಇರುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯ ಅನ್ನುವುದಕ್ಕೆ ಸಿಂಕೋನಾ ಮರದ ತೊಗಟೆಯೇ ಉದಾಹರಣೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಈ ತೊಗಟೆಯಿಂದ ಬಂದದ್ದು. 1860ರ ನಂತರ ಬ್ರಿಟಿಷ್ ಸರ್ಕಾರ ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, ದೊಡ್ಡಬೆಟ್ಟ ಮತ್ತು ನಡುವಟ್ಟಂ ಕಡೆ ಈ ಮರದ ತೋಟಗಳನ್ನೇ ಮಾಡಿತು. 1940ರಲ್ಲಿ ಅಮೆರಿಕದ ಇಬ್ಬರು ವೈದ್ಯರು ರಾತ್ರಿ ಸ್ನಾಯು ಹಿಡಿಯುವುದಕ್ಕೆ ಕ್ವಿನೈನ್ ಒಳ್ಳೆಯದು ಎಂದು ಬರೆದರು. ಅಲ್ಲಿಂದ ದಶಕಗಳ ಕಾಲ ಕಾಲಿನ ತೊಂದರೆಗೆಲ್ಲ ಕ್ವಿನೈನ್ ನುಂಗುವ ರೂಢಿ ಬೆಳೆಯಿತು. ಅದರಿಂದ ಕೆಲವರಿಗೆ ರಕ್ತದ ಕಣಗಳಿಗೂ ಹೃದಯಕ್ಕೂ ಅಪಾಯವಾಗುತ್ತದೆ ಎಂದು ಗೊತ್ತಾದ ಮೇಲೆ, ವೈದ್ಯರ ಚೀಟಿ ಇಲ್ಲದೆ ಈ ಕೆಲಸಕ್ಕೆ ಅದನ್ನು ಮಾರಕೂಡದೆಂದು ಅಮೆರಿಕ ಸರ್ಕಾರ 1990ರ ದಶಕದಲ್ಲಿ ತಡೆಯಿತು. ಹಿಡಿತಕ್ಕೆ ಅಂತ ಬಂದ ಮದ್ದು ಅದು. ಚಡಪಡಿಕೆಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಹಳೇ ಗ್ರಂಥ ಏನು ಹೇಳಿತ್ತು

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ವಾತದಿಂದ ಬರುವ 80 ತೊಂದರೆಗಳ ಪಟ್ಟಿ ಇದೆ. ಆ ಪಟ್ಟಿ ಶುರುವಾಗುವುದೇ ಉಗುರು ಮತ್ತು ಪಾದದಿಂದ. ಪಾದಶೂಲ ಎಂದರೆ ಪಾದದ ನೋವು, ಪಾದಸುಪ್ತತೆ ಎಂದರೆ ಪಾದ ಜೋಮು ಹಿಡಿಯುವುದು. ಪಟ್ಟಿಯ ಕೊನೆಗೆ ಬಂದರೆ ನಿದ್ದೆ ಬಾರದಿರುವುದು, ಮನಸ್ಸು ಒಂದೆಡೆ ನಿಲ್ಲದಿರುವುದು ಸಿಗುತ್ತದೆ. ಕಾಲು, ನಿದ್ದೆ, ನಿಲ್ಲದ ಮನಸ್ಸು ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಇದನ್ನೇ ಇಂದಿನ ಕಾಯಿಲೆ ಎಂದು ನೇರವಾಗಿ ಹೇಳಿಬಿಡುವುದು ಸರಿಯಲ್ಲ. ಆದರೆ ನಮ್ಮ ಅಜ್ಜಿಯರು ಇದನ್ನು ವಾಯು ಎಂದು ಕರೆಯುವುದರ ಬೇರು ಇಲ್ಲಿದೆ.

ಅದೇ ಗ್ರಂಥ ಪಾದಕ್ಕೆ ಎಣ್ಣೆ ತಿಕ್ಕುವುದರಿಂದ ಒರಟು, ಬಿಗಿತ, ದಣಿವು, ಜೋಮು ಬೇಗ ಇಳಿಯುತ್ತದೆ ಎನ್ನುತ್ತದೆ. ಈ ಸಲಹೆ ಇಂದಿಗೂ ಹಳತಾಗಿಲ್ಲ. ಕಾಲು ತಿಕ್ಕುವುದು, ಬಿಸಿನೀರು ಹಾಕುವುದು, ಒತ್ತುವುದು ಚಡಪಡಿಕೆಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಕಾಲಿಗೆ ಬೇರೊಂದು ಸ್ಪರ್ಶ ಸಿಕ್ಕಾಗ ಒಳಗಿನ ಹರಿದಾಟ ಅಷ್ಟಾಗಿ ಗೊತ್ತಾಗುವುದಿಲ್ಲ. ಎಣ್ಣೆ ಯಾವುದೆಂಬುದಕ್ಕಿಂತ ತಿಕ್ಕುವ ಕೈಗೆ ಇದರಲ್ಲಿ ಹೆಚ್ಚು ಪಾಲಿದೆ.

1672: ಲಂಡನ್ನಿನ ವೈದ್ಯ ಮತ್ತು ಅಫೀಮು

ಈ ತೊಂದರೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಮೊದಲು ಬರೆದಿಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಮೆದುಳಿನ ರಚನೆಯ ಬಗ್ಗೆ ದೊಡ್ಡ ಕೆಲಸ ಮಾಡಿದವನು. ಮೆದುಳಿನ ಬುಡದಲ್ಲಿರುವ ರಕ್ತನಾಳಗಳ ವೃತ್ತಕ್ಕೆ ಇಂದಿಗೂ ಅವನದೇ ಹೆಸರು. 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬಂದ ಪುಸ್ತಕದಲ್ಲಿ ಅವನು ಇಂಥ ರೋಗಿಗಳ ಬಗ್ಗೆ ಬರೆದ. ಹಾಸಿಗೆಗೆ ಹೋದ ಕೂಡಲೇ ಕೈಕಾಲಿನ ನರಗಳು ಕುಣಿಯುತ್ತವೆ, ಚಿತ್ರಹಿಂಸೆಯ ಜಾಗದಲ್ಲಿ ಇದ್ದವರಿಗೆ ಹೇಗೆ ನಿದ್ದೆ ಬಾರದೋ ಇವರಿಗೂ ಹಾಗೆಯೇ ಬಾರದು ಎಂಬುದು ಅವನ ಮಾತಿನ ಸಾರಾಂಶ. ಈ ಕಾಟ ಪಟ್ಟವರು ಇದನ್ನು ಓದಿದರೆ ಅವನು ಉತ್ಪ್ರೇಕ್ಷೆ ಮಾಡಿದ ಎನ್ನುವುದಿಲ್ಲ.

ವಿಲ್ಲಿಸ್ ಕೊಟ್ಟ ಮದ್ದು ಲಾಡನಮ್, ಅಂದರೆ ಅಫೀಮನ್ನು ಮದ್ಯದಲ್ಲಿ ಕರಗಿಸಿದ ದ್ರಾವಣ. ಗಸಗಸೆ ಗಿಡದ ಹಸಿ ಕಾಯಿ ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುತ್ತದೆ. ಮದ್ದು ಕೆಲಸ ಮಾಡಿತು. ಒಬ್ಬ ಹೆಂಗಸಿಗೆ ತಿಂಗಳುಗಟ್ಟಲೆ ಕೊಡಬೇಕಾಯಿತು ಎಂದು ಅವನೇ ಬರೆದಿದ್ದಾನೆ. ಚಡಪಡಿಕೆಗೆ ಪರಿಣಾಮಕಾರಿ ಎಂದು ದಾಖಲೆಯಾದ ಮೊದಲ ಸಸ್ಯ ಔಷಧಿ ಹೀಗೆ ಅಫೀಮು. ಬಹಳ ತೀವ್ರವಾದ, ಬೇರೆ ಯಾವುದಕ್ಕೂ ಬಗ್ಗದ ಕೆಲವು ರೋಗಿಗಳಿಗೆ ಇಂದಿಗೂ ಅಫೀಮಿನ ವರ್ಗದ ಔಷಧಿಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ, ತಜ್ಞರ ಕಣ್ಗಾವಲಲ್ಲಿ ಕೊಡುತ್ತಾರೆ. ಆದರೆ ಅಫೀಮಿನ ಚಟ ಮನೆ ಮುರಿದ ಕಥೆ ಯಾರಿಗೂ ಹೇಳಬೇಕಾಗಿಲ್ಲ. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಸೌಮ್ಯ ಅಲ್ಲ ಎಂಬ ಪಾಠ ಈ ಕಥೆಯ ಮೊದಲ ಅಧ್ಯಾಯದಲ್ಲೇ ಇದೆ.

ವಿಲ್ಲಿಸ್ ಇದ್ದ ಕಾಲದಲ್ಲೇ, ಅದೇ ಲಂಡನ್ನಿನಲ್ಲಿ ಥಾಮಸ್ ಸಿಡೆನ್‌ಹ್ಯಾಮ್ ಎಂಬ ಇನ್ನೊಬ್ಬ ಹೆಸರಾಂತ ವೈದ್ಯನಿದ್ದ. ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಹುಡುಗಿಯರಿಗೆ ಅವನು ಕಬ್ಬಿಣದ ಅರದ ಪುಡಿಯನ್ನು ದ್ರಾಕ್ಷಾರಸದಲ್ಲಿ ನೆನೆಸಿ ಕೊಡುತ್ತಿದ್ದ. ಒಬ್ಬನ ಹತ್ತಿರ ಕಾಯಿಲೆಯ ವರ್ಣನೆ ಇತ್ತು, ಇನ್ನೊಬ್ಬನ ಹತ್ತಿರ ಕಬ್ಬಿಣ ಇತ್ತು. ಇವೆರಡೂ ಒಂದಕ್ಕೊಂದು ಸೇರಲು ಹತ್ತಿರ ಹತ್ತಿರ ಮುನ್ನೂರು ವರ್ಷ ಹಿಡಿಯಿತು.

ನಡುವಿನ ಇನ್ನೂರು ವರ್ಷ: ನಂಬದ ಕಾಲ

ವಿಲ್ಲಿಸ್ ಬರೆದದ್ದು ಮರೆತುಹೋಯಿತು. 1861ರಲ್ಲಿ ಜರ್ಮನಿಯ ವೈದ್ಯ ಥಿಯೊಡೋರ್ ವಿಟ್‌ಮಾಕ್ ಇದೇ ತೊಂದರೆಗೆ ಕಣಕಾಲಿನ ಆತಂಕ ಎಂಬರ್ಥದ ಲ್ಯಾಟಿನ್ ಹೆಸರಿಟ್ಟು, ಇದು ಹಿಸ್ಟೀರಿಯಾದ ಒಂದು ಲಕ್ಷಣ ಎಂದ. ಅಂದರೆ ಹೆಂಗಸರ ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕಿದ ಹಾಗಾಯಿತು. ಮುಂದೆ ಅಮೆರಿಕದ ಜಾರ್ಜ್ ಬಿಯರ್ಡ್ ಇದನ್ನು ನರಗಳ ನಿಶ್ಶಕ್ತಿಯ ಪಟ್ಟಿಗೆ ಸೇರಿಸಿದ.

ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹೊರಗಿನಿಂದ ನೋಡಿದರೆ ಕಾಲಲ್ಲಿ ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಹಗಲು ವೈದ್ಯರ ಮುಂದೆ ಕೂತಾಗ ತೊಂದರೆಯೇ ಇಲ್ಲ. ಹಾಗಾಗಿ ನಂಬದೇ ಹೋಗುವುದು ಸುಲಭವಾಗಿತ್ತು. ‘ನಿನಗೆ ಬೇರೆ ಯೋಚನೆ ಜಾಸ್ತಿ, ಸುಮ್ಮನೆ ಮಲಗು’ ಎಂಬ ಮಾತು ನಮ್ಮ ಮನೆಗಳಲ್ಲೂ ಹೊಸದಲ್ಲ.

ಇದನ್ನು ಮನಸ್ಸಿನ ಕಾಯಿಲೆಯ ಪಟ್ಟಿಯಿಂದ ಹೊರತಂದವರು ಸ್ವೀಡನ್ನಿನ ನರರೋಗ ವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬೊಮ್. ಅವರು ರೋಗಿಗಳ ಮಾತನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. 1945ರಲ್ಲಿ ಇದರ ಮೇಲೆ ಇಡೀ ಪುಸ್ತಕ ತಂದರು. ರೆಸ್ಟ್‌ಲೆಸ್ ಲೆಗ್ಸ್ ಎಂಬ ಹೆಸರು ಅವರಿಂದ ಬಂದದ್ದು. ಗರ್ಭಿಣಿಯರಲ್ಲಿ, ರಕ್ತ ಕಡಿಮೆ ಇರುವವರಲ್ಲಿ, ಮತ್ತೆ ಮತ್ತೆ ರಕ್ತದಾನ ಮಾಡುವವರಲ್ಲಿ ಇದು ಹೆಚ್ಚು ಎಂಬುದನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. ಈ ಸುಳಿವನ್ನು ನೆನಪಿಟ್ಟುಕೊಳ್ಳಿ. ಅಷ್ಟರಲ್ಲಿ ನಾವು ನಮ್ಮ ಕಾಡಿಗೆ ಹೋಗಿ ಬರೋಣ. ಕಾಲು ಏಕೆ ಹೀಗೆ ಮಾಡುತ್ತದೆ ಎಂಬುದಕ್ಕೆ ಉತ್ತರದ ಒಂದು ತುದಿ ಅಲ್ಲಿತ್ತು.

ಸರ್ಪಗಂಧ: ಮೊಲಗಳು ಕಲಿಸಿದ ಪಾಠ

ಸರ್ಪಗಂಧದ ಬೇರನ್ನು ನಮ್ಮ ನಾಟಿ ವೈದ್ಯರು ಹಾವು ಕಡಿತಕ್ಕೆ, ಹುಚ್ಚಿಗೆ, ನಿದ್ದೆ ಬಾರದವರಿಗೆ ಕೊಡುತ್ತಾ ಬಂದಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ಇಳಿಸುತ್ತದೆ ಎಂದು ಪ್ರಕಟಿಸಿದರು. 1949ರಲ್ಲಿ ಮುಂಬೈನ ರುಸ್ತುಂ ಜಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬಂದ ಮೇಲೆ ಲೋಕವೆಲ್ಲ ಈ ಬೇರಿನ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು.

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಈ ರಿಸರ್ಪಿನ್ ಕೊಟ್ಟು ನೋಡಿದರು. ಮೊಲಗಳು ಕಿವಿ ಜೋತುಬಿಟ್ಟು ಕಲ್ಲಿನ ಹಾಗೆ ಕೂತುಬಿಟ್ಟವು. ಆಮೇಲೆ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಎದ್ದು ಓಡಾಡಿದವು. ಮೆದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ವಸ್ತು ಇದೆ, ರಿಸರ್ಪಿನ್ ಅದರ ದಾಸ್ತಾನು ಖಾಲಿ ಮಾಡುತ್ತದೆ, ಡೋಪಾ ಅದನ್ನು ಮತ್ತೆ ತುಂಬುತ್ತದೆ ಎಂದು ಹೀಗೆ ತಿಳಿಯಿತು. ದೇಹದ ಚಲನೆಯ ಹತೋಟಿ ಇರುವುದು ಡೋಪಮಿನ್ ಕೈಯಲ್ಲಿ. ಈ ದಾರಿಯ ಕೆಲಸಕ್ಕೆ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಇದರಿಂದ ನಮಗೆ ಸಿಗುವ ಎಚ್ಚರಿಕೆ ಒಂದಿದೆ. ನಿದ್ದೆ ಬರಲಿ ಎಂದು ಸರ್ಪಗಂಧದ ಪುಡಿ ತೆಗೆದುಕೊಳ್ಳುವವರು ಇನ್ನೂ ಇದ್ದಾರೆ. ಕಾಲಿನ ಚಡಪಡಿಕೆಯಿಂದ ನಿದ್ದೆ ಕೆಟ್ಟವರಿಗೆ ಅದು ತಿರುಗುಬಾಣ. ಡೋಪಮಿನ್ ಖಾಲಿ ಮಾಡುವ ಔಷಧಿಗಳೇ ಕೂತಲ್ಲಿ ಕೂರಲಾಗದ ಚಡಪಡಿಕೆ ತರುತ್ತವೆ ಎಂಬುದು 1950ರ ದಶಕದಲ್ಲೇ ವೈದ್ಯರ ಗಮನಕ್ಕೆ ಬಂದಿತ್ತು.

ನಸುಗುನ್ನಿ: ಬೇಲಿಯ ಬಳ್ಳಿಯಲ್ಲಿದ್ದ ಡೋಪಾ

ಆ ಡೋಪಾ ಎಲ್ಲಿಂದ ಬಂತು? 1913ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಕಸ್ ಗುಗೆನ್‌ಹೈಮ್ ಎಂಬ ರಸಾಯನ ವಿಜ್ಞಾನಿ ಅದನ್ನು ಯುರೋಪಿನ ದೊಡ್ಡ ಅವರೆಯಂಥ ಕಾಳಿನಿಂದ ತೆಗೆದಿದ್ದ. ಏನಾಗುತ್ತದೋ ನೋಡೋಣ ಎಂದು ತಾನೇ ಎರಡೂವರೆ ಗ್ರಾಂ ನುಂಗಿ ವಾಂತಿ ಮಾಡಿಕೊಂಡ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಇದೇ ಡೋಪಾವನ್ನು ಇನ್ನೊಂದು ಬೀಜದಲ್ಲಿ ಕಂಡುಕೊಂಡರು. ಅದು ನಮ್ಮ ನಸುಗುನ್ನಿ.

ನಸುಗುನ್ನಿ ಗೊತ್ತಿಲ್ಲದ ಹಳ್ಳಿ ಹುಡುಗರಿಲ್ಲ. ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ಮುಗಿಯಿತು, ಕೆರೆದೂ ಕೆರೆದೂ ಸಾಕಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕಪಿಕಚ್ಛು ಎಂದು ಹೆಸರು, ಕೋತಿಗೂ ತುರಿಕೆ ಹಿಡಿಸುವುದು ಎಂಬ ಭಾವ. ಇನ್ನೊಂದು ಹೆಸರು ಆತ್ಮಗುಪ್ತಾ, ತನ್ನನ್ನು ತಾನೇ ಕಾಪಾಡಿಕೊಳ್ಳುವುದು. ಆಯುರ್ವೇದದಲ್ಲಿ ಇದರ ಬೀಜವನ್ನು ಹಾಲಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡುತ್ತಾರೆ. ಶಕ್ತಿಗೆ, ವಾತಕ್ಕೆ, ಕೈಕಾಲು ನಡುಗುವ ಕಂಪವಾತಕ್ಕೆ ಕೊಡುವುದು ರೂಢಿ.

ಕಂಪವಾತಕ್ಕೆ ಕೊಟ್ಟದ್ದು ಕುರುಡು ಊಹೆಯಾಗಿರಲಿಲ್ಲ. ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಡೋಪಮಿನ್ ಕಡಿಮೆಯಾಗಿರುತ್ತದೆ ಎಂದು 1960ರಲ್ಲಿ ವಿಯೆನ್ನಾದಲ್ಲಿ ಸಾಬೀತಾಯಿತು. ಡೋಪಾದ ಔಷಧಿ ರೂಪವಾದ ಲೆವೊಡೋಪಾ ಆ ಕಾಯಿಲೆಯ ಮುಖ್ಯ ಮದ್ದಾಯಿತು. ನಸುಗುನ್ನಿ ಬೀಜದ ನೂರು ಗ್ರಾಮಿನಲ್ಲಿ ಸುಮಾರು 3ರಿಂದ 6 ಗ್ರಾಂ ಲೆವೊಡೋಪಾ ಇರುತ್ತದೆ. 2004ರಲ್ಲಿ ಲಂಡನ್ನಿನಲ್ಲಿ ಎಂಟು ಪಾರ್ಕಿನ್ಸನ್ ರೋಗಿಗಳಿಗೆ 30 ಗ್ರಾಂ ಬೀಜದ ಪುಡಿ ಕೊಟ್ಟು ಪರೀಕ್ಷಿಸಿದಾಗ ಅದು ಗುಳಿಗೆಯಷ್ಟೇ ಚೆನ್ನಾಗಿ, ಗುಳಿಗೆಗಿಂತ ಬೇಗ ಕೆಲಸ ಮಾಡಿತು.

ಕಾಲಿನ ಚಡಪಡಿಕೆಗೆ ಈ ಕಥೆ ಬಂದು ತಾಗುವುದು 1982ರಲ್ಲಿ. ಟರ್ಕಿಯ ನರರೋಗ ವೈದ್ಯ ಸೆವ್ಕೆತ್ ಅಕ್ಪಿನಾರ್ ಲೆವೊಡೋಪಾ ಕೊಟ್ಟರೆ ಚಡಪಡಿಕೆ ನಿಲ್ಲುತ್ತದೆ ಎಂದು ಬರೆದರು. ಅದೂ ಸ್ವಲ್ಪ ಪ್ರಮಾಣದಲ್ಲಿ, ಅದೇ ರಾತ್ರಿ. ವರ್ಷಗಟ್ಟಲೆ ನಿದ್ದೆಗೆಟ್ಟವರು ಮೊದಲ ದಿನವೇ ಮಲಗಿದರು.

ಮದ್ದೇ ಕಾಯಿಲೆ ಬೆಳೆಸಿದಾಗ

ಸಂತೋಷ ಬಹಳ ದಿನ ಉಳಿಯಲಿಲ್ಲ. 1996ರಲ್ಲಿ ಅಮೆರಿಕದ ರಿಚರ್ಡ್ ಅಲೆನ್ ಮತ್ತು ಕ್ರಿಸ್ಟೋಫರ್ ಅರ್ಲಿ ಒಂದು ವಿಚಿತ್ರ ಸಂಗತಿ ದಾಖಲಿಸಿದರು. ಲೆವೊಡೋಪಾವನ್ನು ದಿನಾ ತೆಗೆದುಕೊಂಡ ಬಹುಪಾಲು ರೋಗಿಗಳಲ್ಲಿ ಕಾಲ ಕಳೆದಂತೆ ತೊಂದರೆ ಹೆಚ್ಚುತ್ತಿತ್ತು. ರಾತ್ರಿ ಹತ್ತಕ್ಕೆ ಶುರುವಾಗುತ್ತಿದ್ದದ್ದು ಸಂಜೆ ಆರಕ್ಕೆ ಬಂತು, ಆಮೇಲೆ ಮಧ್ಯಾಹ್ನಕ್ಕೆ. ಕಾಲಲ್ಲಿದ್ದದ್ದು ಕೈಗೂ ಹತ್ತಿತು. ಮದ್ದು ಹೆಚ್ಚಿಸಿದಷ್ಟೂ ಕಾಯಿಲೆ ಹೆಚ್ಚಿತು. ಡೋಪಮಿನ್‌ನಂತೆಯೇ ಕೆಲಸ ಮಾಡುವ ಹೊಸ ಗುಳಿಗೆಗಳಲ್ಲೂ ಇದೇ ಕಂಡಿತು. ಜೊತೆಗೆ ಅವುಗಳಿಂದ ಕೆಲವರಿಗೆ ಜೂಜಾಡುವ, ಸಿಕ್ಕಿದ್ದೆಲ್ಲ ಕೊಳ್ಳುವ ಹತೋಟಿ ತಪ್ಪಿದ ಗೀಳು ಹತ್ತಿತು. ಒಂದು ಕಾಲದಲ್ಲಿ ಮೊದಲ ಆಯ್ಕೆಯಾಗಿದ್ದ ಈ ಔಷಧಿಗಳನ್ನು ರೂಢಿಯಾಗಿ ಕೊಡಬೇಡಿ ಎಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆಯ ಹೊಸ ಮಾರ್ಗಸೂಚಿಯೇ ಈಗ ಹೇಳುತ್ತದೆ.

ಇಲ್ಲಿ ನಮ್ಮ ಓದುಗರು ಗಮನಿಸಬೇಕಾದದ್ದು ಇದು. ನಸುಗುನ್ನಿ ಪುಡಿ, ಕೌಂಚ್ ಬೀಜದ ಪುಡಿ ಎಂದು ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಡಬ್ಬಿಗಟ್ಟಲೆ ಸಿಗುತ್ತದೆ. ಅದರಲ್ಲಿರುವುದೂ ಅದೇ ಲೆವೊಡೋಪಾ. ಬೆಳೆದ ನೆಲ, ತಳಿ, ಸಂಸ್ಕರಿಸಿದ ರೀತಿ ನೋಡಿಕೊಂಡು ಪ್ರಮಾಣ ಏರುಪೇರಾಗುತ್ತದೆ. ಗುಳಿಗೆಗೆ ಇರುವ ಎಚ್ಚರಿಕೆ ಪುಡಿಗೂ ಇರಬೇಕು. ಗರ್ಭಿಣಿಯರು, ಮಾನಸಿಕ ಕಾಯಿಲೆಗೆ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಇದನ್ನು ತಾವಾಗಿ ಶುರುಮಾಡಲೇಬಾರದು.

ನಿದ್ದೆಯ ಬೇರುಗಳದ್ದು ಬೇರೆ ಕಥೆ. ಯುರೋಪಿನಲ್ಲಿ ವಲೇರಿಯನ್ ಎಂಬ ಬೇರನ್ನು ನಿದ್ದೆಗೆ ಬಳಸುತ್ತಾರೆ. ನಮ್ಮ ಗ್ರಂದಿಗೆ ಅಂಗಡಿಯ ತಗರ ಅದರ ಹಿಮಾಲಯದ ದಾಯಾದಿ. 2009ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 37 ಜನ ಚಡಪಡಿಕೆಯ ರೋಗಿಗಳಲ್ಲಿ ಕೆಲವರಿಗೆ ವಲೇರಿಯನ್, ಉಳಿದವರಿಗೆ ಬರೀ ಹಿಟ್ಟಿನ ಗುಳಿಗೆಯಂಥದ್ದನ್ನು ಎಂಟು ವಾರ ಕೊಟ್ಟರು. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಬ್ಬಿಣ: ಮರೆತು ಮತ್ತೆ ಸಿಕ್ಕ ಉತ್ತರ

ಈಗ ಎಕ್‌ಬೊಮ್ ಬಿಟ್ಟ ಸುಳಿವಿಗೆ ಬರೋಣ. ಗರ್ಭಿಣಿ, ರಕ್ತ ಕಡಿಮೆ ಇರುವವರು, ರಕ್ತ ಕೊಟ್ಟವರು. ಈ ಮೂವರಲ್ಲೂ ಕಡಿಮೆಯಾಗುವುದು ಕಬ್ಬಿಣ. 1953ರಲ್ಲಿ ಸ್ವೀಡನ್ನಿನ ಇನ್ನೊಬ್ಬ ವೈದ್ಯ ನಾರ್ಡ್‌ಲ್ಯಾಂಡರ್ ಚಡಪಡಿಕೆಯ ರೋಗಿಗಳಿಗೆ ನರಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಟ್ಟರು. ಬಹುಪಾಲು ಜನರಿಗೆ ಗುಣ ಕಂಡಿತು. ರಕ್ತದಲ್ಲಿ ಕಬ್ಬಿಣ ಸರಿಯಾಗಿದ್ದರೂ ದೇಹದ ಒಳಗಿನ ಅಂಗಾಂಶಗಳಲ್ಲಿ ಕೊರತೆ ಇರಬಹುದು ಎಂದೂ ಅವರು ಆಗಲೇ ಊಹಿಸಿದ್ದರು. ಆದರೆ ಆ ಕಾಲದ ಕಬ್ಬಿಣದ ಇಂಜೆಕ್ಷನ್‌ಗಳು ಕೆಲವರಿಗೆ ಜೀವಕ್ಕೇ ಎರವಾಗುವಂಥ ಅಲರ್ಜಿ ತರುತ್ತಿದ್ದವು. ಮುಂದೆ ಲೆವೊಡೋಪಾ ಬಂದ ಮೇಲೆ ಕಬ್ಬಿಣದ ಮಾತು ಹಿಂದೆ ಸರಿಯಿತು.

2000ದಲ್ಲಿ ಅರ್ಲಿ ಮತ್ತು ಜೊತೆಗಾರರು ರೋಗಿಗಳ ಬೆನ್ನುಹುರಿಯ ನೀರನ್ನು ಪರೀಕ್ಷಿಸಿದಾಗ ಅಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕಡಿಮೆ ಇತ್ತು. 2003ರಲ್ಲಿ, ತೀರಿಹೋದ ರೋಗಿಗಳ ಮೆದುಳನ್ನು ನೋಡಿದ ತಂಡಕ್ಕೂ ಡೋಪಮಿನ್ ತಯಾರಾಗುವ ಜಾಗದಲ್ಲೇ ಕಬ್ಬಿಣ ಕಡಿಮೆ ಇರುವುದು ಕಂಡಿತು.

ಇಲ್ಲಿ ಎರಡು ಕಥೆಗಳ ಗಂಟು ಬೀಳುತ್ತದೆ. ನಮ್ಮ ಮೆದುಳು ಡೋಪಾವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ನಸುಗುನ್ನಿ ಬೀಜ ಹೊರಗಿನಿಂದ ತಂದು ಸುರಿಯುವ ಅದೇ ಡೋಪಾ, ಕಬ್ಬಿಣವಿದ್ದರೆ ಮನೆಯೊಳಗೇ ಹದವಾಗಿ ತಯಾರಾಗುತ್ತದೆ. ಕೊರತೆಯಿಂದ ಮೆದುಳಿನಲ್ಲಿ ಆಗುವ ಏರುಪೇರು ಇದೊಂದೇ ಅಲ್ಲ, ಲೆಕ್ಕ ಇನ್ನೂ ಜಟಿಲವಾಗಿದೆ. ಆದರೂ ಮೊದಲು ಕಬ್ಬಿಣ ನೋಡಿ ಎಂಬುದು ಇವತ್ತು ವೈದ್ಯರ ಒಮ್ಮತದ ಮಾತು. ಹೊಸ ಇಂಜೆಕ್ಷನ್‌ಗಳು ಹಳೆಯವಕ್ಕಿಂತ ಎಷ್ಟೋ ಸುರಕ್ಷಿತ.

ನಮ್ಮ ಮನೆಗಳಲ್ಲಿ ಇದರ ಅರ್ಥ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆ ಎಂದರೆ ಸುಸ್ತು, ಬಿಳಿಚು, ಉಸಿರು ಕಟ್ಟುವುದು ಎಂದು ಶಿಬಿರಗಳಲ್ಲಿ ಹೇಳುತ್ತಾರೆ. ರಾತ್ರಿ ಕಾಲು ನಿಲ್ಲುತ್ತದೆಯೇ ಎಂದು ಕೇಳುವುದು ಅಪರೂಪ. ಹೆಂಗಸರೂ ಹೇಳುವುದಿಲ್ಲ, ಅದೊಂದು ಕಾಯಿಲೆ ಎಂದೇ ಗೊತ್ತಿಲ್ಲದ ಕಾರಣ.

ಹೇಳಿ. ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹೇಳಿ. ಮೇಲೆ ಹೇಳಿದ ನಾಲ್ಕು ಗುರುತುಗಳನ್ನು ಹೇಳಿದರೆ ಸಾಕು.

ಹಿಮೊಗ್ಲೋಬಿನ್ ಪರೀಕ್ಷೆ ಒಂದರಿಂದಲೇ ಪೂರ್ತಿ ವಿಷಯ ತಿಳಿಯುವುದಿಲ್ಲ. ಹಿಮೊಗ್ಲೋಬಿನ್ ಎಂದರೆ ಅಡುಗೆ ಮನೆಯ ಡಬ್ಬದಲ್ಲಿರುವ ರಾಗಿ. ಫೆರಿಟಿನ್ ಎಂದರೆ ಹಗೇವಿನಲ್ಲಿರುವ ರಾಗಿ. ಡಬ್ಬ ತುಂಬಿದ್ದರೂ ಹಗೇವು ಖಾಲಿಯಾಗಿರಬಹುದು. ಚಡಪಡಿಕೆ ಇದ್ದವರಿಗೆ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಸೂಕ್ಷ್ಮ ಇದೆ. ಹೆಂಗಸರಲ್ಲಿ ಫೆರಿಟಿನ್ 20 ಬಂದರೂ ಎಷ್ಟೋ ಲ್ಯಾಬ್ ಚೀಟಿಗಳಲ್ಲಿ ನಾರ್ಮಲ್ ಎಂದೇ ಇರುತ್ತದೆ. ಚಡಪಡಿಕೆ ಇರುವ ದೊಡ್ಡವರಲ್ಲಿ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ಬಗ್ಗೆ ಯೋಚಿಸಬೇಕು ಎಂಬುದು ಈಗಿನ ಮಾರ್ಗಸೂಚಿ. ಚೀಟಿಯ ನಾರ್ಮಲ್ ನೋಡಿ ಸುಮ್ಮನಾಗದೆ ಸಂಖ್ಯೆ ಎಷ್ಟು ಎಂದು ಕೇಳಿ.

ಗರ್ಭಿಣಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಈ ಕಾಟ ಇರುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಸರ್ಕಾರ ಗರ್ಭಿಣಿಯರಿಗೆ 180 ದಿನ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಆ ಮಾತ್ರೆ ಎಷ್ಟೋ ಮನೆಗಳ ಮಾಡಿನಲ್ಲೇ ಉಳಿಯುತ್ತದೆ. ಮಲ ಕಪ್ಪಾಗುವುದು ಮಾಮೂಲು, ಹೆದರಬೇಕಿಲ್ಲ. ಹೊಟ್ಟೆ ಕಟ್ಟಿದರೆ ವೈದ್ಯರಿಗೆ ಹೇಳಿದರೆ ತೆಗೆದುಕೊಳ್ಳುವ ಹೊತ್ತು ಬದಲಿಸಿಕೊಡುತ್ತಾರೆ. ಮಾತ್ರೆಯ ಜೊತೆ ಟೀ, ಕಾಫಿ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕ ಆಗಬಹುದು. ಸೊಪ್ಪು, ಕಾಳು, ರಾಗಿಯ ಊಟಕ್ಕೂ ನಿಂಬೆ ಹಿಂಡಿಕೊಳ್ಳಿ.

ಕಬ್ಬಿಣವನ್ನೂ ತಾವಾಗಿ ತಿಂಗಳುಗಟ್ಟಲೆ ನುಂಗಬಾರದು. ಕೆಲವರ ಮೈಯಲ್ಲಿ ಅದು ಹೆಚ್ಚಾಗಿ ಕೂತುಬಿಡುತ್ತದೆ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆ ಬಂದರೆ ಒಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರಿಗೂ ಚಡಪಡಿಕೆ ಸಾಮಾನ್ಯ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲೇ ಬರುತ್ತದೆ, ಅವರಿಗೆ ಕಬ್ಬಿಣ ಸರಿಯಾದರೂ ಬೇರೆ ಔಷಧಿ ಬೇಕಾಗಬಹುದು. ನೆಗಡಿಗೆ ಕೊಡುವ ನಿದ್ದೆ ಬರಿಸುವ ಮಾತ್ರೆ, ವಾಂತಿಗೆ ಕೊಡುವ ಕೆಲವು ಮಾತ್ರೆ, ಸಂಜೆಯ ಮೇಲಿನ ಕಾಫಿ ಚಡಪಡಿಕೆ ಹೆಚ್ಚಿಸುತ್ತವೆ. ಅವು ತೆಗೆದುಕೊಂಡ ದಿನ ಹೇಗಿತ್ತು ಎಂದು ಗಮನಿಸಿ ವೈದ್ಯರಿಗೆ ಹೇಳಿ.

ಹರಳೆಣ್ಣೆ ಬಿಡಬೇಕಾಗಿಲ್ಲ. ಲಕ್ಕಿ ಸೊಪ್ಪಿನ ಬಿಸಿನೀರೂ ಇರಲಿ, ಮೊಮ್ಮಕ್ಕಳು ಕಾಲು ತುಳಿಯಲಿ. ಅವು ಆ ರಾತ್ರಿಯನ್ನು ದಾಟಿಸುತ್ತವೆ. ಆದರೆ ತಿಂಗಳು ತಿಂಗಳು ಎಣ್ಣೆ ತಿಕ್ಕುತ್ತಲೇ ಇರಬೇಕಾಗಿ ಬಂದರೆ, ಕಾಲನ್ನು ಬಿಟ್ಟು ರಕ್ತ ಪರೀಕ್ಷೆ ಮಾಡಿಸುವ ದಿನ ಬಂದಿದೆ ಎಂದು ತಿಳಿಯಿರಿ. ಮನೆಯಲ್ಲಿ ಯಾರಾದರೂ ರಾತ್ರಿ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದರೆ, ಸುಮ್ಮನೆ ಮಲಗು ಎನ್ನುವ ಬದಲು ಕಾಲಿಗೆ ಏನಾಗುತ್ತದೆ ಎಂದು ಒಂದು ಮಾತು ಕೇಳಿ.